ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ!

ಹ್ಯಾಂಡ್‌ಬ್ರೇಕ್ ಎಳೆದರೆ ಹಿಂದಿನ ಚಕ್ರಗಳ ಬ್ರೇಕ್ ಹಿಡಿಯುತ್ತದೆ ಅಂದುಕೊಂಡಿದ್ದೀರಾ? ಹಳೇ ಜೀಪಿನಲ್ಲಿ ಹಾಗಲ್ಲ. ಅಲ್ಲಿ ಹಿಡಿಯುವುದು ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು.

ಈ ಏರ್ಪಾಡು ಎರಡನೇ ಮಹಾಯುದ್ಧದ ಕಾಲದ್ದು. 1941ರಿಂದ ಅಮೆರಿಕದ ಸೇನೆಗೆ ತಯಾರಾದ ವಿಲ್ಲೀಸ್ ಎಂಬಿ ಜೀಪಿನ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಇತ್ತು. ಆದರೆ ಬ್ರೇಕ್ ಆಯಿಲ್‌ಗೆ ಇದ್ದದ್ದು ಒಂದೇ ದಾರಿ. ಒಂದು ಪೈಪ್ ಒಡೆದರೂ ನಾಲ್ಕೂ ಹೋದಂತೆ. ಆಮೇಲೆ ಹ್ಯಾಂಡ್‌ಬ್ರೇಕೇ ಗತಿ. ಚಕ್ರ ಒಂದು ಸುತ್ತು ಬರಲು ಶಾಫ್ಟ್ 4.88 ಸುತ್ತು ತಿರುಗಬೇಕಿತ್ತು. ಹಾಗಾಗಿ ಶಾಫ್ಟಿನ ಚಿಕ್ಕ ಡ್ರಮ್ಮಿನ ಹಿಡಿತ ಚಕ್ರಕ್ಕೆ ಸುಮಾರು ಐದು ಪಟ್ಟಾಗಿ ತಲುಪುತ್ತಿತ್ತು.

1947ರಲ್ಲಿ ಮಹೀಂದ್ರಾ ಭಾರತದಲ್ಲಿ ವಿಲ್ಲೀಸ್ ಜೀಪ್ ಜೋಡಿಸತೊಡಗಿತು. ಜೀಪಿನ ಜೊತೆ ಈ ಹ್ಯಾಂಡ್‌ಬ್ರೇಕೂ ನಮ್ಮ ಘಟ್ಟದ ರಸ್ತೆಗೆ ಬಂತು.

ಇದರ ದೋಷ ಎರಡು. ಪಕ್ಕದ ಆಯಿಲ್ ಸೀಲ್ ಸೋರಿದರೆ ಲೈನರ್ ನೆನೆದು ಬ್ರೇಕ್ ಜಾರುತ್ತದೆ. ಇನ್ನೊಂದು, ಹಿಂದಿನ ಒಂದು ಚಕ್ರಕ್ಕೆ ಜ್ಯಾಕ್ ಕೊಟ್ಟರೆ, ಶಾಫ್ಟ್ ನಿಂತಿದ್ದರೂ ಎತ್ತಿದ ಚಕ್ರ ಒಂದು ಕಡೆ, ನೆಲದ ಚಕ್ರ ಇನ್ನೊಂದು ಕಡೆ ತಿರುಗಬಹುದು. ಇಳಿಜಾರಿನಲ್ಲಿ ಜೀಪ್ ಉರುಳಿಬಿಡುತ್ತದೆ.

ಹಿಂದಿನ ಎರಡೂ ಚಕ್ರದ ಡ್ರಮ್ಮಿಗೆ ಕೇಬಲ್ ಎಳೆಸಿದರೆ ಎರಡನೇ ತೊಂದರೆ ತಪ್ಪುತ್ತದೆ. ಆದರೂ ಜ್ಯಾಕ್ ಹಚ್ಚುವ ಮೊದಲು ಚಕ್ರಕ್ಕೆ ಕಲ್ಲು ಕೊಡಿ.