ಒನಕೆ ಕೊಟ್ಟೆವು, ಮಟ್ಟಿ ಕೊಡಲಿಲ್ಲ

ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಕುಸ್ತಿ ಇನ್ನೂ ಹಳೆಯ ಮಾತಾಗಿಲ್ಲ. ಸುತ್ತೂರು ಜಾತ್ರೆಯಲ್ಲಿ ಪ್ರತಿವರ್ಷ ಪಂದ್ಯ ನಡೆಯುತ್ತದೆ. ದಸರಾ ಬಂತೆಂದರೆ ಸುತ್ತಲಿನ ಹಳ್ಳಿಗಳ ಪೈಲ್ವಾನರು ಮೈಸೂರಿನ ಕಡೆ ಮುಖ ಮಾಡುತ್ತಾರೆ. ವೇಣುಗೋಪಾಲಸ್ವಾಮಿ ಗುಡಿಯಿಂದ ಹೆಸರಾದ ಹೆಮ್ಮರಗಾಲ ಇದೇ ಸೀಮೆಯ ಊರು. ಇಂಥ ಊರಿನ ಹುಡುಗನೊಬ್ಬನಿಗೆ ಕುಸ್ತಿ ಕಲಿಯುವ ಆಸೆಯಾದರೆ ಯಾವ ಉಸ್ತಾದರನ್ನು ಕೇಳಬೇಕು, ಯಾವ ಗರಡಿಗೆ ಹೋಗಬೇಕು ಎಂದು ಹೇಳುವವರು ಸಿಗುತ್ತಾರೆ. ಅದೇ ಆಸೆ ಹುಡುಗಿಗಾದರೆ ಅವಳು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಬೆಂಗಳೂರಿನಂಥ ನಗರಗಳಲ್ಲಿ ಈಗ ಒಂದು ಹೊಸ ಉತ್ತರ ಕಾಣಿಸುತ್ತಿದೆ: ಬ್ರೆಜಿಲಿಯನ್ ಜಿಯು-ಜಿತ್ಸುವಿನ ಮಹಿಳೆಯರಿಗೇ ಮೀಸಲಾದ ತರಗತಿಗಳು. ಜಪಾನಿನ ಜೂಡೊ ಪರಿಣತ ಮಿತ್ಸುಯೊ ಮಯೆಡಾ 1914ರಲ್ಲಿ ಬ್ರೆಜಿಲಿಗೆ ಹೋಗಿ ಕಲಿಸಿದ ವಿದ್ಯೆ, ಅಲ್ಲಿನ ಗ್ರೇಸಿ ಕುಟುಂಬದ ಕೈಯಲ್ಲಿ ಬೆಳೆದು ಈ ರೂಪ ಪಡೆಯಿತು. ಇದರಲ್ಲಿ ಗುದ್ದು, ಒದೆ ಇಲ್ಲ. ಎದುರಾಳಿಯನ್ನು ನೆಲಕ್ಕೆ ತಂದು, ಕೀಲು ತಿರುವಿ ಅಥವಾ ಕತ್ತು ಬಿಗಿದು ಸೋಲೊಪ್ಪಿಸಬೇಕು. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಇಲ್ಲಿ ಬೆನ್ನು ನೆಲಕ್ಕೆ ಬಿದ್ದ ಮೇಲೂ ಆಟ ಉಳಿದಿರುತ್ತದೆ. ಕೆಳಗೆ ಬಿದ್ದವರು ಮೇಲಿನವರನ್ನು ಕಾಲಲ್ಲಿ ಕಟ್ಟಿಹಾಕುವುದೇ ಈ ವಿದ್ಯೆಯ ದೊಡ್ಡ ಭಾಗ. ತಾಳಲಾರದವರು ಕೈಯಿಂದ ತಟ್ಟಿದರೆ ಜೊತೆಗಾರರು ಆ ಕ್ಷಣವೇ ಬಿಡಬೇಕು. ಮೈಗೆ ಮೈ ತಾಗುವ, ನಂಬಿಕೆಯ ಮೇಲೆಯೇ ನಿಂತ ಈ ಅಭ್ಯಾಸವನ್ನು ಮೊದಲ ದಿನವೇ ಅಪರಿಚಿತ ಗಂಡಸಿನೊಡನೆ ಮಾಡೆಂದರೆ ಎಷ್ಟೋ ಹೆಂಗಸರು ಬಾಗಿಲಿಂದಲೇ ಹಿಂದಿರುಗುತ್ತಾರೆ. ಪ್ರತ್ಯೇಕ ತರಗತಿ ಹುಟ್ಟಿದ್ದು ಹೀಗೆ.

ಇದಕ್ಕೆ ಆಕ್ಷೇಪವೂ ಇದೆ. ಬೀದಿಯಲ್ಲಿ ಮೈಮೇಲೆ ಬರುವವನು ಗಂಡಸು, ಹೆಂಗಸರ ಜೊತೆ ಮಾತ್ರ ಅಭ್ಯಾಸ ಮಾಡಿ ಏನು ಪ್ರಯೋಜನ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಚರಿತ್ರೆಯನ್ನು ನೋಡಿದರೆ ಪ್ರತ್ಯೇಕ ಅಂಗಳದ ಕಥೆ ಇಷ್ಟು ಸರಳವಾಗಿಲ್ಲ.

ಮೊದಲು ನಮ್ಮ ನೆಲದ್ದನ್ನೇ ನೋಡೋಣ. ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರ ಹೊತ್ತಿಗೆ, ವಿಜಯನಗರದಲ್ಲಿದ್ದ ಪೋರ್ಚುಗೀಸ್ ಬರಹಗಾರ ಫರ್ನಾವೊ ನೂನಿಜ್ ಅರಮನೆಯ ಹೆಂಗಸರ ಕೆಲಸಗಳನ್ನು ಪಟ್ಟಿಮಾಡುತ್ತಾನೆ. ಲೆಕ್ಕ ಬರೆಯುವವರು, ಜ್ಯೋತಿಷ ಹೇಳುವವರು, ರಾತ್ರಿ ಕಾವಲು ಕಾಯುವವರು ಅದರಲ್ಲಿದ್ದಾರೆ. ಅವರ ನಡುವೆಯೇ ಕುಸ್ತಿಯಾಡುವ ಹೆಂಗಸರೂ ಇದ್ದಾರೆ. ಅವನಿಗೆ ಅದು ಒಂದು ವಾಕ್ಯದ ಸುದ್ದಿ. ಆದರೆ ಕುಸ್ತಿ ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಆಡುವವರಿದ್ದರು ಎಂದರೆ ಕಲಿಸುವವರಿದ್ದರು, ಜೊತೆಗಾರ್ತಿಯರಿದ್ದರು, ಒಂದು ಅಂಗಳವೂ ಇದ್ದಿರಲೇಬೇಕು. ಆ ಅಂಗಳದ ಬಗ್ಗೆ ಅವನು ಏನೂ ಬರೆಯಲಿಲ್ಲ.

ಮೈಸೂರಿನ ಪರಂಪರೆ ಗಂಡಸರ ಸುತ್ತಲೇ ಬೆಳೆಯಿತು. ವಿಜಯದಶಮಿಯಂದು ಅರಮನೆಯಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ತಲೆ ಬೋಳಿಸಿಕೊಂಡು ಬರುತ್ತಾರೆ. ಮೊದಲ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಜಟ್ಟಿಗಳ ಕುಲದೇವತೆ ನಿಂಬುಜಾದೇವಿ, ದಸರೆಯ ದೇವತೆ ಚಾಮುಂಡಿ. ಎರಡೂ ಹೆಣ್ಣು ದೇವರು. ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ ಬೆರೆಸಿ ಹದಮಾಡಿ ಪೂಜಿಸುವ ಮಟ್ಟಿಗೆ ಮಾತ್ರ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ.

ನಮ್ಮ ವೀರಗಾಥೆಗಳೂ ಇದನ್ನು ಸರಿಪಡಿಸಲಿಲ್ಲ. ಚಿತ್ರದುರ್ಗದ ಓಬವ್ವನನ್ನು ನೆನೆಯಿರಿ. ಕಾವಲುಗಾರನ ಹೆಂಡತಿ, ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದು ಕೆಡವಿದವಳು. ಆ ಕಥೆ ಕೇಳಿ ಬೆಳೆಯದ ಕನ್ನಡದ ಮಗುವಿಲ್ಲ. ಆದರೆ ಅವಳ ಕೈಗೆ ಬಂದದ್ದು ಅಡುಗೆಮನೆಯ ಸಾಮಾನು. ಗಂಡ ಊಟಕ್ಕೆ ಕೂತ ಹೊತ್ತಿನಲ್ಲಿ, ಯಾರೂ ಕಲಿಸದೆ, ಆ ಗಳಿಗೆಯ ಧೈರ್ಯದಿಂದ ಅವಳು ಕೋಟೆ ಕಾಯುತ್ತಾಳೆ. ಗಂಡು ವೀರನ ಕಥೆಯಲ್ಲಿ ಗುರು, ಗರಡಿ, ಸಾಧನೆಯ ವರ್ಷಗಳು ಬರುತ್ತವೆ. ಹೆಣ್ಣಿನ ಕಥೆಯಲ್ಲಿ ಬರುವುದು ಆಪತ್ತಿನ ಒಂದು ಗಳಿಗೆ ಮಾತ್ರ. ಅವಳ ಧೈರ್ಯವನ್ನು ಕೊಂಡಾಡಿದೆವು, ಅವಳಿಗೆ ತಾಲೀಮು ಬೇಕೆಂದು ನಮಗೆ ಹೊಳೆಯಲಿಲ್ಲ.

ಮೈಸೂರಿನಲ್ಲೇ ಈ ಕಟ್ಟು ಸಡಿಲವಾದ ಒಂದು ಪ್ರಸಂಗವಿದೆ. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಕೆಲವು ವರ್ಷಗಳ ಬಳಿಕ, ಮುಂದೆ ಇಂದ್ರಾದೇವಿ ಎಂದು ಹೆಸರಾದ ಯುರೋಪಿನ ಮಹಿಳೆ ಶಿಷ್ಯೆಯಾಗಲು ಬಂದಾಗ ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಆಕೆ ಮುಂದೆ ಜಗತ್ತಿಗೇ ಯೋಗ ಕಲಿಸಿದರು. ಬಾಗಿಲು ತೆರೆದದ್ದಕ್ಕೆ ಮಹಾರಾಜರ ಮಾತೇ ಬೇಕಾಯಿತು ಎನ್ನುವುದನ್ನೂ ಮರೆಯಬಾರದು. ಎಲ್ಲರ ಪರವಾಗಿ ಮಹಾರಾಜರು ಮಾತಾಡುವುದಿಲ್ಲ.

ಹೀಗೆ ಕಾಯುವ ಬದಲು ತಮ್ಮದೇ ಅಂಗಳ ಮಾಡಿಕೊಂಡವರೂ ಇದ್ದಾರೆ. ಲಂಡನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಹೆಂಗಸರಿಗೆ ಐದಡಿಯೂ ಇಲ್ಲದ ಎಡಿತ್ ಗ್ಯಾರಡ್ 1909ರ ಸುಮಾರಿಗೆ ಜುಜುತ್ಸು ಕಲಿಸತೊಡಗಿದರು. 1913ರಲ್ಲಿ ಪೊಲೀಸರಿಂದ ನಾಯಕಿಯರನ್ನು ಕಾಪಾಡಲು ಕಟ್ಟಿದ ಅಂಗರಕ್ಷಕಿಯರ ಪಡೆ ಗುಟ್ಟಾದ ಜಾಗಗಳಲ್ಲಿ ಅಭ್ಯಾಸ ಮಾಡುತ್ತಿತ್ತು. ಅವರ ಎದುರಿಗಿದ್ದ ಪೊಲೀಸರೆಲ್ಲ ಗಂಡಸರು, ಅಭ್ಯಾಸ ಮಾತ್ರ ಹೆಂಗಸರ ನಡುವೆ. ಪ್ರತ್ಯೇಕವಾಗಿ ಕಲಿತದ್ದು ಬೀದಿಯಲ್ಲಿ ಕೆಲಸಕ್ಕೆ ಬಂತು. ನಮ್ಮ ದೇಶದಲ್ಲಿ, 1929ರಲ್ಲಿ ರವೀಂದ್ರನಾಥ ಠಾಕೂರರು ಜಪಾನಿನಿಂದ ಶಿನ್ಜೊ ತಾಕಾಗಾಕಿ ಅವರನ್ನು ಶಾಂತಿನಿಕೇತನಕ್ಕೆ ಕರೆಸಿದಾಗ ಹುಡುಗಿಯರೂ ಈ ವಿದ್ಯೆ ಕಲಿತರು.

ಪ್ರತ್ಯೇಕ ಅಂಗಳಕ್ಕೆ ಇನ್ನೊಂದು ಮುಖವಿದೆ. ಜೂಡೊ ಹುಟ್ಟಿಸಿದ ಜಿಗೊರೊ ಕಾನೊ ಅವರ ಕೊಡೊಕಾನ್ ಸಂಸ್ಥೆ 1926ರಲ್ಲಿ ಮಹಿಳಾ ವಿಭಾಗ ತೆರೆಯಿತು. ಬಾಗಿಲೇನೋ ತೆರೆಯಿತು, ಮೇಲೆ ಒಂದು ಸೂರು ಬಂತು. ಹೆಂಗಸರ ಕಪ್ಪು ಪಟ್ಟಿಯ ನಡುವೆ ಬಿಳಿ ಗೆರೆ, ಐದನೆಯ ದರ್ಜೆಯಾಚೆ ಬಡ್ತಿ ಇಲ್ಲ. 1935ರಲ್ಲಿ ಆ ವಿಭಾಗ ಸೇರಿದ ಕೈಕೊ ಫುಕುಡಾ ಸುಮಾರು 20 ವರ್ಷ ಅದೇ ಐದನೆಯ ದರ್ಜೆಯಲ್ಲಿ ಉಳಿದರು. 1972ರಲ್ಲಿ ಆರನೆಯದು ಸಿಕ್ಕಿತು. ಹತ್ತನೆಯದನ್ನು ಅಮೆರಿಕದ ಸಂಸ್ಥೆ ಕೊಟ್ಟಾಗ, 2011ರಲ್ಲಿ, ಅವರಿಗೆ 98 ವರ್ಷ. ಬ್ರೆಜಿಲಿನಲ್ಲಂತೂ ಕಾನೂನೇ ಅಡ್ಡ ನಿಂತಿತ್ತು. ಹೆಣ್ಣಿನ ಪ್ರಕೃತಿಗೆ ಒಗ್ಗದ ಕ್ರೀಡೆಗಳನ್ನು 1941ರ ಆಜ್ಞೆ ನಿಷೇಧಿಸಿತು, 1965ರಲ್ಲಿ ಕಾದಾಟದ ಆಟಗಳನ್ನು ಹೆಸರಿಸಿಯೇ ತಡೆದರು. ನಿಷೇಧ ಹೋದದ್ದು 1979ರಲ್ಲಿ. ಅದಾದ 11 ವರ್ಷಕ್ಕೆ, 1990ರಲ್ಲಿ, ಇವೊನಿ ದುವಾರ್ಚಿ ಜಿಯು-ಜಿತ್ಸುವಿನ ಕಪ್ಪು ಪಟ್ಟಿ ಪಡೆದ ಮೊದಲ ಮಹಿಳೆಯಾದರು.

ಕುಸ್ತಿಯ ಲೆಕ್ಕವೂ ಬೇರೆಯಲ್ಲ. ಗಂಡಸರ ಕುಸ್ತಿ 1896ರ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲೇ ಇತ್ತು, ಹೆಂಗಸರದು ಸೇರಿದ್ದು 2004ರಲ್ಲಿ. ಈಗ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳ ಪಂದ್ಯಗಳಿವೆ, ‘ದಸರಾ ಕಿಶೋರಿ’ ಪಟ್ಟವಿದೆ. ಅವರಲ್ಲಿ ಎಷ್ಟೋ ಮಂದಿ ಗದಗ, ಹಳಿಯಾಳದ ಕಡೆಯವರು. ಆ ಊರುಗಳಲ್ಲಿ ಕ್ರೀಡಾ ವಸತಿನಿಲಯಗಳಿವೆ. ಇರಲು ಜಾಗ, ಹೊಟ್ಟೆಗೆ ಅನ್ನ, ದಿನಾ ಅಭ್ಯಾಸ, ಕಲಿಸುವವರು ಒಂದೇ ಕಡೆ ಸಿಗುತ್ತಾರೆ.

ಹೆಮ್ಮರಗಾಲದ ಹುಡುಗಿಯ ಪ್ರಶ್ನೆಗೆ ಈಗ ಬರಬಹುದು. ಸರ್ಕಾರಿ ಶಾಲೆಯ ಆರರಿಂದ ಹನ್ನೆರಡನೆಯ ತರಗತಿಯ ಹುಡುಗಿಯರಿಗಾಗಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಎಂಬ ಯೋಜನೆಯಿದೆ. ಅವಧಿ 3 ತಿಂಗಳು. ಏನೂ ಇಲ್ಲದ ಕಡೆ ಇದು ದೊಡ್ಡದೇ. ಆದರೆ ಜಿಯು-ಜಿತ್ಸುವಿನ ಕಪ್ಪು ಪಟ್ಟಿಗೆ ಸುಮಾರು 10 ವರ್ಷ ಹಿಡಿಯುತ್ತದೆ, ಪೈಲ್ವಾನನ ಮೈ ಹುರಿಗೊಳ್ಳುವುದಕ್ಕೂ ವರ್ಷಗಳು ಬೇಕು. 3 ತಿಂಗಳಲ್ಲಿ ಸಿಗುವುದು ಮತ್ತೆ ಓಬವ್ವನ ಒನಕೆಯೇ, ಆಪತ್ತಿಗೊಂದು ಸಾಧನ.

ಪ್ರತ್ಯೇಕ ತರಗತಿಯ ಹಿಂದಿರುವ ಇನ್ನೊಂದು ಭಯವನ್ನೂ ಹೇಳಬೇಕು. 2023ರ ಜನವರಿಯಲ್ಲಿ ದೇಶಕ್ಕೆ ಪದಕ ತಂದ ಹೆಣ್ಣುಮಕ್ಕಳೇ ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಜಂತರ್ ಮಂತರ್‌ನಲ್ಲಿ ಕೂತರು. ಎದುರಾಳಿಯನ್ನು ಚಿತ್ ಮಾಡುವ ಪಟ್ಟು ಅವರಿಗೆ ಗೊತ್ತಿತ್ತು. ಅಲ್ಲಿ ಬೇಕಾದದ್ದು ಬೇರೆ: ದೂರು ಕೇಳುವವರು, ಆಡಳಿತದಲ್ಲಿ ಕೂರುವ ಹೆಂಗಸರು.

ಆದ್ದರಿಂದ ಹೆಂಗಸರಿಗೇ ಬೇರೆ ತರಗತಿ ಬೇಕೇ ಎಂದು ಕೇಳಿ ನಿಲ್ಲಿಸಿದರೆ ಸಾಲದು. ಅಲ್ಲಿಂದ ಮುಂದೆ ದಾರಿ ಎಲ್ಲಿಗೆ ಹೋಗುತ್ತದೆ? ಕಲಿತವಳು ನಾಳೆ ಕಲಿಸುವವಳಾಗುತ್ತಾಳೆಯೇ? ಅವಳ ದರ್ಜೆ ಎಲ್ಲರ ದರ್ಜೆಯೇ, ಇಲ್ಲ ನಡುವೆ ಬಿಳಿ ಗೆರೆಯಿದೆಯೇ? ಬೇಕೆಂದಾಗ ದೊಡ್ಡ ಮಟ್ಟಿಗೆ ಇಳಿಯಬಹುದೇ? ಹಳ್ಳಿಯ ಮಟ್ಟಿಗೆ ಕೇಳುವುದಾದರೆ ಪ್ರಶ್ನೆ ಇನ್ನೂ ಸಣ್ಣದು: ಶಾಲೆ ಬಿಟ್ಟ ಮೇಲೆ, ಊರಿಗೆ ಹೋಗುವ ಕೊನೆಯ ಬಸ್ಸಿಗೆ ಮುಂಚೆ, ವಾರಕ್ಕೆ ಮೂರು ಸಲ ಒಂದು ಗಂಟೆ, ಒಂದು ಮೆತ್ತನೆಯ ನೆಲ, ಕಲಿಸಲು ಒಬ್ಬಾಕೆ ಸಿಗುತ್ತಾರೆಯೇ? ನೂನಿಜ್ ಬರೆಯದೆ ಬಿಟ್ಟ ಅಂಗಳದಲ್ಲಿದ್ದದ್ದೂ ಹೆಚ್ಚುಕಡಿಮೆ ಇಷ್ಟೇ ಇರಬೇಕು.