ನಾಯಿಯ ಪಾಲು

ಮುಂಬೈಯಲ್ಲಿ ನಾಯಿ ಸಾಕಿದವರ ಮನೆಗೆ ಹೋದರೆ ಚಹಾ ಬರುವ ಮೊದಲೇ ಒಂದು ಕಳವಿನ ಕತೆ ಬರುತ್ತದೆ. ಮಾತಾಡುತ್ತ ಮುಖ ತಿರುಗಿಸಿದ ಗಳಿಗೆಯಲ್ಲಿ ತಟ್ಟೆಯ ಆಮ್ಲೆಟ್ ಮಾಯವಾದದ್ದು, ಗಣೇಶ ಚೌತಿಗೆ ಎಣಿಸಿಟ್ಟ ಇಪ್ಪತ್ತೊಂದು ಮೋದಕದಲ್ಲಿ ನಾಲ್ಕು ಕಡಿಮೆಯಾದದ್ದು, ಮಸಾಲೆ ಹಚ್ಚಿಟ್ಟ ಬೊಂಬಿಲ್ ಮೀನಿನ ಬಟ್ಟಲು ಸೋಫಾದ ಕೆಳಗೆ ಖಾಲಿಯಾಗಿ ಸಿಕ್ಕಿದ್ದು. ಹೇಳುವವರ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಜಾಸ್ತಿ. ಆರೋಪಿ ಅಲ್ಲೇ ಕಾಲಬುಡದಲ್ಲಿ ಮಲಗಿ, ಬಂದವರ ಕೈಯಲ್ಲಿರುವ ಖಾರಿ ಬಿಸ್ಕತ್ತಿನ ಮೇಲೆ ಕಣ್ಣಿಟ್ಟಿರುತ್ತದೆ.

ಕಳವು ಎಂದು ಕರೆಯಬೇಕಾದರೆ ಮೊದಲು ಒಂದು ಮಾತನ್ನು ಒಪ್ಪಿರಬೇಕು: ಮನೆಯಲ್ಲಿರುವ ಅನ್ನವೆಲ್ಲ ಮನುಷ್ಯರದು, ನಾಯಿಯದು ಮೂಲೆಯ ಸ್ಟೀಲ್ ಬಟ್ಟಲಿನ ಒಣ ಆಹಾರ ಮಾತ್ರ. ಈ ಗೆರೆ ತೀರ ಸಹಜವೆಂದು ಈಗ ತೋರುತ್ತದೆ. ಆದರೆ ಇದೇ ಮುಂಬೈಯಲ್ಲಿ, ಇನ್ನೂರು ವರ್ಷವೂ ತುಂಬದಷ್ಟು ಹಿಂದೆ, ನಾಯಿಗಳನ್ನು ಕೊಂದದ್ದಕ್ಕೆ ಜನ ಅಂಗಡಿ ಮುಚ್ಚಿ ಬೀದಿಗಿಳಿದಿದ್ದರು. ಬೀದಿಗಿಳಿದವರಲ್ಲಿ ಮುಂದಿದ್ದವರ ಧರ್ಮಗ್ರಂಥದಲ್ಲಿ ನಾಯಿಯ ಊಟ ಮನೆಯವರ ಔದಾರ್ಯದ ಮಾತಾಗಿರಲಿಲ್ಲ, ನಾಯಿಯ ಹಕ್ಕಿನ ಮಾತಾಗಿತ್ತು. ಹಾಗಾದರೆ ಪಾಲಾಗಿದ್ದದ್ದು ಕಳವಾದದ್ದು ಯಾವಾಗ?

ಆ ಗ್ರಂಥ ಪಾರ್ಸಿಗಳ ವೆಂದಿದಾದ್. ಅವೆಸ್ತಾದ ಭಾಗವಾದ ಇದರ ಹದಿಮೂರನೆಯ ಅಧ್ಯಾಯ ಪೂರ್ತಿ ನಾಯಿಗೆ ಮೀಸಲು. ಕುರಿಮಂದೆಯ ನಾಯಿಗೆ ಕೆಟ್ಟ ಆಹಾರ ಕೊಟ್ಟರೆ, ದೊಡ್ಡ ಮನೆತನದ ಯಜಮಾನನಿಗೆ ಕೆಟ್ಟ ಊಟ ಬಡಿಸಿದಷ್ಟೇ ತಪ್ಪು ಎಂದು ಅದು ವಿಧಿಸುತ್ತದೆ. ಮನೆಕಾಯುವ ನಾಯಿಗೂ ಮರಿನಾಯಿಗೂ ಹೀಗೆಯೇ ಬೇರೆಬೇರೆ ಹೋಲಿಕೆಗಳಿವೆ. ನಾಯಿಗೆ ತಕ್ಕ ಆಹಾರ ಯಾವುದೆಂದರೆ ಹಾಲು, ಕೊಬ್ಬು, ಮಾಂಸ. ಅದೇ ಅಧ್ಯಾಯ ಮುಂದೆ ನಾಯಿಯಲ್ಲಿ ಎಂಟು ಬಗೆಯ ಮನುಷ್ಯರ ಗುಣಗಳಿವೆ ಎಂದು ಒಂದು ಪಟ್ಟಿ ಕೊಡುತ್ತದೆ. ಸಿಕ್ಕಿದ್ದರಲ್ಲಿ ತೃಪ್ತಿಪಡುವುದರಿಂದ ಪುರೋಹಿತನಂತೆ, ಮುಂದೆ ನಿಂತು ಕಾದಾಡುವುದರಿಂದ ಯೋಧನಂತೆ, ಹೀಗೆ ಸಾಗುವ ಪಟ್ಟಿಯಲ್ಲಿ ಕಳ್ಳನೂ ಇದ್ದಾನೆ: ನಾಯಿಗೆ ಕತ್ತಲೆಂದರೆ ಇಷ್ಟ, ತಿನ್ನುವಾಗ ನಾಚಿಕೆಯಿಲ್ಲ. ಪಟ್ಟಿಯ ಕೊನೆಗೆ ಬರುವುದು ಮಗು.

ಗಮನಿಸಬೇಕಾದದ್ದು ಇಷ್ಟು. ನಾಯಿ ಕಳ್ಳಬುದ್ಧಿಯದು ಎಂಬುದು ಈ ಗ್ರಂಥ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದರ ಊಟವನ್ನು ಅವರು ಕಾನೂನಿನ ಮಾತಾಗಿಸಿದರು. ಈ ವಿಧಿ ಪುಸ್ತಕದಲ್ಲೇ ಉಳಿಯಲಿಲ್ಲ. ಗುಜರಾತಿ ಮಾತಾಡುವ ಪಾರ್ಸಿಗಳಲ್ಲಿ ‘ಕುತ್ರಾ ನೋ ಬುಕ್’ ಎಂಬ ಪದ್ಧತಿ ಇತ್ತು. ನಾಯಿಯ ತುತ್ತು ಎಂದು ಅರ್ಥ. ಉಣ್ಣುವಾಗ ತಮ್ಮ ಊಟದಿಂದಲೇ ನಾಯಿಗೆ ತುತ್ತು ತೆಗೆದಿಡುವುದು. ಇರಾನಿನ ಯಜ್ದ್ ಬಳಿಯ ಶರೀಫಾಬಾದ್ ಎಂಬ ಜರಥುಷ್ಟ್ರರ ಹಳ್ಳಿಯಲ್ಲಿ 1963–64ರಲ್ಲಿ ಉಳಿದಿದ್ದ ವಿದ್ವಾಂಸೆ ಮೇರಿ ಬಾಯ್ಸ್ ಅಲ್ಲಿಯೂ ಇಂಥದೇ ಪದ್ಧತಿ ಜೀವಂತವಿದ್ದದ್ದನ್ನು ಕಂಡು ದಾಖಲಿಸಿದರು. ಸತ್ತವರ ಮುಖವನ್ನು ನಾಯಿಗೆ ತೋರಿಸುವ ‘ಸಗ್‌ದೀದ್’ ವಿಧಿಯೂ ಪಾರ್ಸಿಗಳಲ್ಲಿದೆ. ಬದುಕಿದ್ದಾಗ ತುತ್ತು ಕೊಟ್ಟವರನ್ನು ಕೊನೆಯಲ್ಲಿ ನೋಡಿ ಕಳಿಸಿಕೊಡುವುದು ನಾಯಿ.

ಪಾರ್ಸಿಗಳ ಅಕ್ಕಪಕ್ಕದವರಿಗೂ ಈ ಯೋಚನೆ ಹೊಸದಾಗಿರಲಿಲ್ಲ. ವಾರಕರಿ ಸಂತ ನಾಮದೇವರ ಬಗ್ಗೆ ಮಹಾರಾಷ್ಟ್ರದಲ್ಲಿ ಎಲ್ಲರೂ ಬಲ್ಲ ಒಂದು ಕತೆ ಇದೆ. ನಾಮದೇವರು ಊಟಕ್ಕೆಂದು ಮಾಡಿಟ್ಟ ರೊಟ್ಟಿಯನ್ನು ನಾಯಿಯೊಂದು ಕಚ್ಚಿಕೊಂಡು ಓಡಿತು. ಅವರು ತುಪ್ಪದ ಬಟ್ಟಲು ಹಿಡಿದು ಅದರ ಬೆನ್ನು ಹತ್ತಿದರು: ಒಣರೊಟ್ಟಿ ತಿನ್ನಬೇಡ, ತುಪ್ಪ ಹಚ್ಚಿಕೊಡುತ್ತೇನೆ ನಿಲ್ಲು ಎಂದು. ನಾಯಿ ಹೊಟ್ಟೆಗೆ ತುಪ್ಪ ದಕ್ಕುವುದಿಲ್ಲ ಎನ್ನುವ ಕನ್ನಡದ ಗಾದೆಗೆ ಇದು ನೇರ ಎದುರು. ಕತೆಯಲ್ಲಿ ನಾಯಿ ವಿಠ್ಠಲನ ರೂಪ. ಆದರೆ ದೇವರನ್ನು ಬದಿಗಿಟ್ಟು ಓದಿದರೂ ಕತೆ ನಿಲ್ಲುತ್ತದೆ. ರೊಟ್ಟಿ ಕದ್ದದ್ದನ್ನು ಕಳವೆಂದು ಎಣಿಸಲು ಒಲ್ಲದ ಮನುಷ್ಯನೊಬ್ಬ ಅಲ್ಲಿದ್ದಾನೆ.

ಮರಾಠಿಗರ ಖಂಡೋಬನೂ ಕನ್ನಡಿಗರ ಮೈಲಾರಲಿಂಗನೂ ಒಂದೇ ದೈವದ ಎರಡು ಹೆಸರು, ಎರಡೂ ಕಡೆ ನಾಯಿ ಆ ದೈವದ ಸಂಗಾತಿ. ಮೈಲಾರನ ಗೊರವಯ್ಯಗಳು ‘ದೋಣಿ’ ಎಂಬ ಪಾತ್ರೆಯಲ್ಲಿ ಹಾಲು, ಬಾಳೆಹಣ್ಣು ಹಾಕಿ, ನಾಯಿಗಳಂತೆ ಬೊಗಳುತ್ತ ಬಾಯಿಂದಲೇ ತಿನ್ನುವ ಸೇವೆ ನೋಡಿದವರಿಗೆ, ದೇವರ ಎದುರಿನ ಊಟದಲ್ಲಿ ನಾಯಿಗೊಂದು ಸ್ಥಾನವಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಹಳೆಯ ಕಾಲವನ್ನು ಬೆಣ್ಣೆಯಲ್ಲಿ ಅದ್ದಿ ತೆಗೆಯಬಾರದು. ಮನುಸ್ಮೃತಿಯೂ ಗೃಹಸ್ಥ ನಾಯಿಗೆ, ಕಾಗೆಗೆ, ಹುಳುಹುಪ್ಪಟೆಗೆ ಅನ್ನ ಇಡಬೇಕು ಎನ್ನುತ್ತದೆ. ಅದೇ ಸಾಲಿನಲ್ಲಿ ಜಾತಿಯಿಂದ ಹೊರಗಿಟ್ಟ ಮನುಷ್ಯರನ್ನೂ ರೋಗಿಗಳನ್ನೂ ಸೇರಿಸಿ, ಅವರೆಲ್ಲರ ಅನ್ನವನ್ನು ನೆಲದ ಮೇಲೆ ಇಡು ಎನ್ನುತ್ತದೆ. ಪಾಲು ಇತ್ತು, ಸಮಪಾಲು ಇರಲಿಲ್ಲ. ಕನ್ನಡದಲ್ಲಿ ‘ನಾಯಿಪಾಲಾಯಿತು’ ಎಂದರೆ ಹಾಳಾಯಿತು ಎಂದೇ ಅರ್ಥ. ಪದವನ್ನು ಬಿಡಿಸಿದರೆ ಅಲ್ಲಿ ನಾಯಿಗೊಂದು ಪಾಲು ಕಾಣುತ್ತದೆ. ಜೊತೆಗೆ ಆ ಪಾಲಿನ ಬಗ್ಗೆ ಮನುಷ್ಯರಿಗಿದ್ದ ತಾತ್ಸಾರವೂ ಕಾಣುತ್ತದೆ.

ಈಗ 1832ರ ಬೊಂಬಾಯಿಗೆ ಬರೋಣ. ಕೋಟೆಯೊಳಗಿನ ಊರು, ಅಂದರೆ ಇಂದಿನ ಫೋರ್ಟ್, ಆಗ ವ್ಯಾಪಾರಿಗಳಿಂದ ಕಿಕ್ಕಿರಿದಿತ್ತು. ಅವರಲ್ಲಿ ಪಾರ್ಸಿಗಳು ಮುಂಚೂಣಿಯಲ್ಲಿದ್ದರು. ಬೇಸಿಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಪೊಲೀಸರಿಗೆ 1813ರಿಂದಲೇ ಅಧಿಕಾರವಿತ್ತು. ಆ ವರ್ಷ ಅವಧಿಯನ್ನು ಜೂನ್ ನಡುವಿನವರೆಗೆ ಚಾಚಲಾಯಿತು. ಕೊಂದ ನಾಯಿಗೆ ಇಂತಿಷ್ಟು ಎಂದು ಹಣ ಸಿಗುತ್ತಿದ್ದುದರಿಂದ ಕಾನ್‌ಸ್ಟೇಬಲ್‌ಗಳಿಗೆ ಉತ್ಸಾಹ ಹೆಚ್ಚು; ಒಡೆಯರಿದ್ದ ನಾಯಿಗಳನ್ನೂ ಬಿಡುತ್ತಿಲ್ಲ ಎಂಬ ದೂರು ಎದ್ದಿತು. ಜೂನ್ 6 ಪಾರ್ಸಿಗಳಿಗೆ ಪವಿತ್ರ ದಿನ. ಅಂದು ನಾಯಿ ಕೊಲ್ಲುತ್ತಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳ ಮೇಲೆ ಸುಮಾರು ಇನ್ನೂರು ಜನರ ಗುಂಪು ಏರಿಹೋಯಿತು.

ಮರುದಿನ ಅಂಗಡಿಗಳು ತೆರೆಯಲಿಲ್ಲ. ಪಾರ್ಸಿಗಳ ಜೊತೆ ಹಿಂದೂಗಳೂ ಜೈನರೂ ಸೇರಿದರು. ಗುಂಪು ಕೈಹಾಕಿದ್ದು ಆಳುವವರ ಊಟಕ್ಕೆ. ಕೊಲಾಬಾದ ಸೈನಿಕ ಪಾಳೆಯಕ್ಕೆ ದಿನವೂ ಹೋಗುತ್ತಿದ್ದ ಆಹಾರ ಸಾಮಗ್ರಿಯನ್ನು ದಾರಿಯಲ್ಲೇ ತಡೆಯಲಾಯಿತು. ಕೊಲಾಬಾ ಆಗ ಬೇರೆಯೇ ದ್ವೀಪ. ಅದನ್ನು ಊರಿಗೆ ಜೋಡಿಸುವ ಕಾಸ್‌ವೇ ಮುಗಿದದ್ದು 1838ರಲ್ಲಿ. ಸಾಮಾನು ಹೋಗುವ ದಾರಿ ಕಟ್ಟಿದರೆ ಪಾಳೆಯದ ಅಡುಗೆಮನೆಯೇ ಕಟ್ಟಿದಂತೆ. ನಾಯಿಗೆ ತುತ್ತು ತೆಗೆದಿಡುವ ಜನ, ನಾಯಿ ಕೊಂದವರ ತುತ್ತನ್ನು ನಿಲ್ಲಿಸಿದರು. ಕೊನೆಗೆ ಸೈನ್ಯ ಬಂತು, ಹಲವರ ಬಂಧನವಾಯಿತು. ಗಲಭೆಯಿಂದ ಸರಕಾರದೊಡನೆ ಸಂಬಂಧ ಕೆಡುವುದೆಂದು ಅಳುಕಿದ ಪಾರ್ಸಿ ಶೇಠರು ನಡುವೆ ನಿಂತು ಸಮಾಧಾನದ ಮಾತಾಡಿದರು.

ಸರಕಾರದ ಭಯಕ್ಕೂ ಆಧಾರವಿತ್ತು. ಹುಚ್ಚುನಾಯಿ ಕಚ್ಚಿದರೆ ಆಗ ಮದ್ದಿರಲಿಲ್ಲ. ಪಾಸ್ಚರರ ಲಸಿಕೆ ಬಂದದ್ದು 1885ರಲ್ಲಿ. ಆದರೆ ಆ ಆಜ್ಞೆ ಭಯಕ್ಕಿಂತ ಬಹುಕಾಲ ಉಳಿಯುವ ಕೆಲಸವೊಂದನ್ನು ಮಾಡಿತು. ಒಡೆಯನಿರುವ ನಾಯಿ, ಒಡೆಯನಿಲ್ಲದ ನಾಯಿ ಎಂದು ನಾಯಿಗಳನ್ನು ಎರಡು ಮಾಡಿ, ಎರಡನೆಯದಕ್ಕೆ ಊರಿನಲ್ಲಿ ಜಾಗವಿಲ್ಲ ಎಂದಿತು. ‘ಕುತ್ರಾ ನೋ ಬುಕ್’ ಇಡುತ್ತಿದ್ದವರಿಗೆ ಈ ವಿಂಗಡಣೆಯೇ ಅಪರಿಚಿತ. ಅವರ ತುತ್ತು ತಿನ್ನುವ ನಾಯಿ ಅವರ ಸ್ವತ್ತಾಗಿರಬೇಕೆಂದೇನೂ ಇರಲಿಲ್ಲ.

ಎರಡು ವರ್ಷದ ಬಳಿಕ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯ್ ಗುಜರಾತಿ ವ್ಯಾಪಾರಿಗಳ ಜೊತೆಗೂಡಿ ಭುಲೇಶ್ವರದಲ್ಲಿ ಪಾಂಜ್ರಾಪೋಳ್ ಸ್ಥಾಪಿಸಿದರು. ಬೀದಿಪ್ರಾಣಿಗಳನ್ನು ಗುಂಡಿನಿಂದ ಉಳಿಸುವುದು ಅದರ ಉದ್ದೇಶಗಳಲ್ಲಿ ಒಂದು. ಅದು ಇಂದಿಗೂ ಇದೆ. ಈಗ ಹೆಚ್ಚಾಗಿ ಹಸುಗಳಿಗೆ ಹೆಸರಾಗಿದೆ. ದಯೆಯ ಕೆಲಸ ನಿಜ. ಆದರೆ ನಾಯಿಯ ಊಟ ಪ್ರತಿ ಮನೆಯ ತಟ್ಟೆಯಿಂದ ಒಂದು ಸಂಸ್ಥೆಯ ಲೆಕ್ಕಪುಸ್ತಕಕ್ಕೆ ಸರಿಯತೊಡಗಿದ್ದೂ ಇಲ್ಲಿಂದಲೇ ಎನ್ನಬೇಕು.

ಒಡೆಯನಿದ್ದ ನಾಯಿಯ ಕತೆ ಬೇರೆ ದಾರಿ ಹಿಡಿಯಿತು. 1860ರ ಸುಮಾರಿಗೆ ಲಂಡನ್ನಿನಲ್ಲಿದ್ದ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ನನು ನಾಯಿಗಳಿಗೆಂದೇ ಬಿಸ್ಕತ್ತು ಮಾಡಿ ಮಾರತೊಡಗಿದ. ನಾವಿಕರು ಎಸೆದ ಹಡಗಿನ ಗಟ್ಟಿ ಬಿಸ್ಕತ್ತನ್ನು ಹಡಗುಕಟ್ಟೆಯ ನಾಯಿಗಳು ತಿನ್ನುವುದನ್ನು ಕಂಡು ಅವನಿಗೆ ಈ ಉಪಾಯ ಹೊಳೆಯಿತು ಎಂದು ಹೇಳುತ್ತಾರೆ. ಮನುಷ್ಯರ ತಿಂಡಿಯನ್ನು ನಾಯಿ ತಿನ್ನುವುದನ್ನು ನೋಡಿ ಹುಟ್ಟಿದ ವ್ಯಾಪಾರ, ಮನುಷ್ಯರ ತಿಂಡಿ ನಾಯಿಗೆ ಸಲ್ಲದು ಎಂಬ ಮಾತಿನ ಮೇಲೆ ಬೆಳೆಯಿತು. ಇಂದು ಮುಂಬೈಯ ಫ್ಲಾಟಿನ ಮೂಲೆಯಲ್ಲಿರುವ ಒಣ ಆಹಾರದ ಬಟ್ಟಲು ಆ ಬಿಸ್ಕತ್ತಿನ ವಂಶದ್ದೇ.

ಬೀದಿಯಲ್ಲಿ ಮಾತ್ರ ಹಳೆಯ ರೂಢಿ ಉಳಿಯಿತು. ಉಪನಗರ ವಿಲೆ ಪಾರ್ಲೆಯ ಕಾರ್ಖಾನೆಯಲ್ಲಿ 1939ರಿಂದ ತಯಾರಾದ ಗ್ಲೂಕೋಸ್ ಬಿಸ್ಕತ್ತು, ಮುಂದೆ ಪಾರ್ಲೆ-ಜಿ ಎಂದು ಹೆಸರಾದದ್ದು, ಚಹಾದಂಗಡಿಗಳ ಎದುರು ಅರ್ಧ ಮನುಷ್ಯರ ಬಾಯಿಗೆ, ಅರ್ಧ ನಾಯಿಯ ಬಾಯಿಗೆ ಹೋಗುತ್ತ ಬಂದಿದೆ. 2016ರಲ್ಲಿ ಆ ಕಾರ್ಖಾನೆ ಮುಚ್ಚಿತು, ಬಿಸ್ಕತ್ತು ಹಂಚುವ ಅಭ್ಯಾಸ ಮುಚ್ಚಲಿಲ್ಲ. ಸಿಹಿ ಬಿಸ್ಕತ್ತು ನಾಯಿಗೆ ಒಳ್ಳೆಯದಲ್ಲ ಎಂದು ಪಶುವೈದ್ಯರು ಹೇಳುತ್ತಲೇ ಇರುತ್ತಾರೆ.

ನಾಯಿ ನಮ್ಮ ಅನ್ನಕ್ಕೆ ಬಾಯಿ ಹಾಕುವುದು ಕೆಟ್ಟ ಚಾಳಿಯೋ ಅದರ ಹುಟ್ಟುಗುಣವೋ? 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಅರಗಿಸುವ ವಂಶವಾಹಿಯೊಂದರ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದ್ದವು. ರೈತರ ಜೊತೆ ಬದುಕುತ್ತ, ಅವರ ಕಾಳುಕಡ್ಡಿ, ಎಂಜಲು ತಿನ್ನುತ್ತ ನಾಯಿಯ ಹೊಟ್ಟೆಯೇ ಬದಲಾಯಿತು. ನಮ್ಮ ಅನ್ನ ತಿಂದೇ ತೋಳ ನಾಯಿಯಾಯಿತು ಎಂದರೆ ಪೂರ್ತಿ ಸತ್ಯವಲ್ಲದಿದ್ದರೂ ಪೂರ್ತಿ ಸುಳ್ಳೂ ಅಲ್ಲ. ಮುಂಬೈ ಫ್ಲಾಟುಗಳ ನೆಚ್ಚಿನ ಲ್ಯಾಬ್ರಡಾರ್‌ನ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಕೇಂಬ್ರಿಜ್ ಸಂಶೋಧಕರು 2016ರಲ್ಲಿ ಕಂಡುಕೊಂಡಂತೆ, ಹೆಚ್ಚುಕಡಿಮೆ ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಹಸಿವಿನ ಹತೋಟಿಗೆ ಸಂಬಂಧಿಸಿದ ವಂಶವಾಹಿಯ ಒಂದು ತುಣುಕೇ ಇಲ್ಲ. ಅವುಗಳಿಗೆ ಸಾಕು ಎನಿಸುವುದೇ ಕಷ್ಟ.

ಕತ್ತಲೆಯ ಮಾತನ್ನೂ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಯೂಲಿಯಾನ ಕಾಮಿನ್ಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಟ್ಟಬೇಡ ಎಂದು ಹೇಳಿದ ತಿಂಡಿಯನ್ನು ನಾಯಿಗಳು ಅದರ ಸುತ್ತ ಬೆಳಕಿದ್ದಾಗಿಗಿಂತ ಕತ್ತಲಿದ್ದಾಗ ಹೆಚ್ಚಾಗಿ ಕದ್ದವು. ವೆಂದಿದಾದ್ ಬರೆದವರು ಈ ಗುಣವನ್ನು ಸಾವಿರಾರು ವರ್ಷ ಮೊದಲೇ ಕಂಡಿದ್ದರು. ಸಿಕ್ಕಿಬಿದ್ದ ನಾಯಿಯ ತಪ್ಪಿತಸ್ಥ ಮುಖದ ಮೇಲೆ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಬೇರೆ ಬೆಳಕು ಚೆಲ್ಲಿದರು. ತಿಂಡಿ ತಿಂದಿದೆಯೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧವಿರಲಿಲ್ಲ. ಒಡೆಯ ಗದರಿದಾಗ ಆ ಮುಖ ಕಾಣಿಸಿಕೊಳ್ಳುತ್ತಿತ್ತು. ತಪ್ಪು ಮಾಡದ ನಾಯಿಯೂ ಗದರಿಸಿದರೆ ತಲೆ ತಗ್ಗಿಸುತ್ತಿತ್ತು. ನೋಡುವ ಕಣ್ಣಿದೆಯೇ ಎಂಬುದು ನಾಯಿಗೆ ಗೊತ್ತು, ಸಿಟ್ಟೂ ಗೊತ್ತು. ಕಳವು ಎಂಬುದು ಮಾತ್ರ ನಮ್ಮ ಮಾತು.

ಇದನ್ನೆಲ್ಲ ಓದಿ ಮನೆಯ ನಾಯಿಗೆ ತಟ್ಟೆ ಬಿಟ್ಟುಕೊಡಬೇಕೆಂದಲ್ಲ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಕದ್ದ ತಿಂಡಿ ನಗೆಯ ಕತೆಯಾಗದೆ ಆಸ್ಪತ್ರೆಯ ದಾರಿ ಹಿಡಿಸುವುದೂ ಉಂಟು. ಪರೇಲಿನ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ 1880ರ ದಶಕದಲ್ಲಿ ಹುಟ್ಟಿದ್ದೂ ಒಬ್ಬ ಪಾರ್ಸಿ ಶೇಠರ ಹಣದಿಂದ. ಪಾಲು ಎಂದರೆ ಸಿಕ್ಕಿದ್ದೆಲ್ಲ ಎಂದಲ್ಲ, ತಕ್ಕದ್ದು ಎಂದು. ಹಾಲು, ಕೊಬ್ಬು, ಮಾಂಸ ಎಂದು ಹೆಸರು ಹಿಡಿದು ಬರೆದವರಿಗೆ ಅದು ತಿಳಿದಿತ್ತು.

ಬೀದಿಯಲ್ಲಿ ಪ್ರಶ್ನೆ ಇನ್ನೂ ಬಿರುಸಾಗಿದೆ. 1990ರ ದಶಕದವರೆಗೂ ಮುಂಬೈ ಪಾಲಿಕೆ ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿತ್ತು. ಆಮೇಲೆ ಸಂತಾನಹರಣ ಮತ್ತು ಲಸಿಕೆಯ ದಾರಿ ಬಂತು. 2001ರ ನಿಯಮಗಳು ಅದನ್ನು ದೇಶಕ್ಕೆಲ್ಲ ಅನ್ವಯಿಸಿದವು. 2023ರ ಹೊಸ ನಿಯಮಗಳು ನಾಯಿಗಳಿಗೆ ಊಟ ಹಾಕಲು ಬಡಾವಣೆಗಳಲ್ಲಿ ಜಾಗ ಗುರುತಿಸಿ ಎಂದವು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಗುರುತಿಸಿದ ಜಾಗ ಬಿಟ್ಟು ಬೀದಿಯಲ್ಲಿ ಎಲ್ಲೆಂದರಲ್ಲಿ ಊಟ ಹಾಕುವಂತಿಲ್ಲ ಎಂದು ಆದೇಶಿಸಿತು. ಕಚ್ಚಿಸಿಕೊಂಡ ಮಗುವಿನ ತಾಯಿಗೂ, ರಾತ್ರಿ ಅನ್ನದ ಡಬ್ಬಿ ಹಿಡಿದು ಹೊರಡುವ ಹೆಂಗಸಿಗೂ ಸೊಸೈಟಿಯ ಗೇಟಿನಲ್ಲಿ ನಡೆಯುವ ಜಗಳ ಕೊನೆಗೆ ಒಂದೇ ಮಾತಿನ ಮೇಲೆ: ಈ ಊರಿನ ಅನ್ನದಲ್ಲಿ ನಾಯಿಗೆ ಪಾಲಿದೆಯೇ, ಇದ್ದರೆ ಎಲ್ಲಿ, ಯಾರ ಹೊಣೆಯಲ್ಲಿ?

1832ರಲ್ಲಿ ಫೋರ್ಟಿನ ಬೀದಿಯಲ್ಲಿ ಬಿದ್ದದ್ದೂ ಇದೇ ಪ್ರಶ್ನೆ. ಮುಚ್ಚಿದ ಬಾಗಿಲಿನೊಳಗೆ ಅದು ನಗೆಯ ಕತೆಯಾಗಿ ಉಳಿದಿದೆ: ಮೋದಕ ಎಣಿಸಿದಾಗ ನಾಲ್ಕು ಕಡಿಮೆ. ಹಿಂದಿನವರು ಎಣಿಸುವ ಮೊದಲೇ ಒಂದನ್ನು ಬದಿಗಿಡುತ್ತಿದ್ದರು.