ಕರಣೆಯ ಲೆಕ್ಕ: ಮೃದಂಗದ ಕಂಪನ ಮತ್ತು ವಿಜ್ಞಾನದ ಚರಿತ್ರೆ

ನಮ್ಮ ಆದೋನಿ ಕಡೆ ಮೊಹರಂ ಬಂತಂದ್ರೆ ಹಲಗೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡ್ತಾರೆ. ಎಷ್ಟೇ ಬಿಗಿದರೂ ಅದರಿಂದ ಶ್ರುತಿ ಹೊರಡೋದಿಲ್ಲ. ಒಂದೇ ದಪ್ಪದ ದುಂಡು ಚರ್ಮದ ಆವೃತ್ತಿಗಳು 1, 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಅನುಪಾತದಲ್ಲಿರುತ್ತವೆ. ಭಜನೆಯ ಮೃದಂಗ ಮಾತ್ರ ಶ್ರುತಿಗೆ ನಿಲ್ಲುತ್ತದೆ. ಬಲಮುಖದ ನಡುವೆ ಕಿಟ್ಟದ ಪುಡಿ, ಅನ್ನ ಅರೆದು ಪದರ ಪದರವಾಗಿ ತಿಕ್ಕಿದ ಕಪ್ಪು ಕರಣೆಯ ಭಾರ ಅವನ್ನು 1, 2, 3, 4, 5ರ ಸಾಲಿಗೆ ತರುತ್ತದೆ.

ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ಶಿವಕಾಳಿ ಕುಮಾರ್ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಚರ್ಮದ ಮೇಲೆ ಮರಳು ಉದುರಿಸಿ ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಕೂಡುವುದನ್ನು ತೋರಿಸಿದರು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ನಮ್ಮ ಪಾಠಗಳಲ್ಲಿ ಚರಿತ್ರೆ ಇಲ್ಲಿಂದಲೇ ಶುರುವಾಗುತ್ತೆ ನೋಡ್ರಿ, ನನ್ನ ತಕರಾರು ಅದಕ್ಕೆ. ರಾಮನ್ ವಿವರಿಸಿದ್ದು ಆಗಲೇ ಬಗೆಹರಿದಿದ್ದ ಸಮಸ್ಯೆಯನ್ನು. ಬಗೆಹರಿಸಿದವರು ಚರ್ಮದ ಕೆಲಸದವರು: ಒಂದು ಪದರ ತಿಕ್ಕಿ, ಬಾರಿಸಿ, ಕಿವಿಗೊಟ್ಟು, ಮತ್ತೊಂದು ಪದರ. ಚರ್ಮ ಮುಟ್ಟುತ್ತಾರೆಂದು ದೂರವಿಟ್ಟವರ ಪ್ರಯೋಗವನ್ನು ‘ಪ್ರಾಚೀನರ ಜ್ಞಾನ’ ಎಂಬ ಹೆಸರಿಲ್ಲದ ಖಾತೆಗೆ ಬರೆದುಕೊಂಡಿದ್ದೇವೆ. ದಾಖಲೆ ಎಲ್ಲಿ ಅಂತ ಕೇಳ್ತೀರಿ. ಕರಣೆಯನ್ನೇ ನೋಡಿ: ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು. ಆ ಇಳಿಜಾರನ್ನು ಅಳೆದದ್ದು ಅವರ ಕಿವಿ.